ವಿದೇಶದ ಬದುಕಿಗೆ ಹೊಂದಿಕೊಳ್ಳುವ ಪಾಠ: ಬಿ1 ಇಂಗ್ಲಿಷ್ ತರಗತಿಗೆ ಆರು ಅವಧಿಗಳಲ್ಲಿ ಏನು ಹಾಕಬಹುದು?

ಬಿಳಿಹಲಗೆ:
ನನ್ನ ತರಗತಿಯಲ್ಲಿ ಬಿ1 (ಮಧ್ಯಮ) ಹಂತದ 24 ಮಂದಿ ವಯಸ್ಕರು. ಕೆಲವರು ಓದಿಗೆ, ಕೆಲವರು ಕೆಲಸಕ್ಕೆ, ಕೆಲವರು ಸಂಗಾತಿಯ ಜೊತೆ ಹೊರದೇಶಕ್ಕೆ ಹೊರಟವರು. ಎಲ್ಲರೂ ಹೋಗುವ ದೇಶ ಒಂದೇ ಅಲ್ಲ. 90 ನಿಮಿಷದ ಆರು ಅವಧಿಗಳಿವೆ. ಪಠ್ಯಪುಸ್ತಕದಲ್ಲಿರುವುದು ಒಂದೇ ಪುಟ: ಹೊಸ ದೇಶದಲ್ಲಿ ಆಗುವ ಗಲಿಬಿಲಿಯ, ಅಂದರೆ ಕಲ್ಚರ್ ಶಾಕ್‌ನ ನಾಲ್ಕು ಹಂತ (ಮಧುಚಂದ್ರದ ಖುಷಿ, ಕುಸಿತ, ಚೇತರಿಕೆ, ಹೊಂದಾಣಿಕೆ), ಒಂದು ಗ್ರಾಫ್, ಕೆಳಗೆ ‘ಮಾಡಬೇಕು, ಮಾಡಬಾರದು’ ಪಟ್ಟಿ. ಮೂರು ಪ್ರಶ್ನೆ. ಆ ಗ್ರಾಫ್ ಕಲಿಸುವುದೋ ಬಿಡುವುದೋ? ಪಟ್ಟಿಯನ್ನು ಏನು ಮಾಡುವುದು? ಕೊನೆಗೆ ಅಂಕ ಕೊಡುವುದಾದರೆ ಯಾವುದಕ್ಕೆ?

ಅಲ್ಪವಿರಾಮ:
ಗ್ರಾಫ್ ಇರಲಿ, ಆದರೆ ಅದನ್ನು ರೈಲಿನ ವೇಳಾಪಟ್ಟಿಯ ಹಾಗೆ ಕಲಿಸಬೇಡಿ. ಆ ‘ಯು’ ಆಕಾರದ ಗೆರೆ ಎಲ್ಲಿಂದ ಬಂತು ನೋಡಿ. ನಾರ್ವೆಯ ಸ್ವೆರ್ರೆ ಲೀಸ್‌ಗೋರ್ 1955ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ಮೂಲ. ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದ ನೆರವಿನಲ್ಲಿ ಅಮೆರಿಕಕ್ಕೆ ಹೋಗಿಬಂದ 200 ಮಂದಿ ನಾರ್ವೆಯವರನ್ನು ಮಾತಾಡಿಸಿ, ಅಲ್ಲಿದ್ದ ಅವಧಿಗೆ ತಕ್ಕಂತೆ ಗುಂಪು ಮಾಡಿದಾಗ, 6ರಿಂದ 18 ತಿಂಗಳು ಇದ್ದವರು ಅದಕ್ಕಿಂತ ಕಡಿಮೆ ಇದ್ದವರಿಗಿಂತಲೂ ಹೆಚ್ಚು ಇದ್ದವರಿಗಿಂತಲೂ ಹೊಂದಿಕೊಳ್ಳುವುದರಲ್ಲಿ ಹಿಂದೆ ಬಿದ್ದಿದ್ದರು. ಅಂದರೆ ಅದು ಬೇರೆಬೇರೆ ಜನರ ಹೋಲಿಕೆ. ಒಬ್ಬನೇ ಮನುಷ್ಯನನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಎಳೆದ ಗೆರೆ ಅಲ್ಲ. ನಾಲ್ಕು ಹಂತಗಳ ಮಾತು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞನದು: 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣ, 1960ರಲ್ಲಿ ಅಚ್ಚಾಯಿತು.

ಒಂದೇ ಗುಂಪನ್ನು ಹಿಂಬಾಲಿಸಿ ನೋಡಿದವರೂ ಇದ್ದಾರೆ. 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಜೊತೆಗಾರರು ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದ 24 ಗಂಟೆಯೊಳಗೆ, ಆಮೇಲೆ 4, 6, 12ನೇ ತಿಂಗಳಲ್ಲಿ ಕೇಳಿದರು. ತೊಂದರೆ ಎಲ್ಲಕ್ಕಿಂತ ಹೆಚ್ಚಿದ್ದದ್ದು ಬಂದಿಳಿದಾಗಲೇ. ಪುಸ್ತಕದ ‘ಮಧುಚಂದ್ರ’ ಅಲ್ಲಿ ಕಾಣಲಿಲ್ಲ.

ಇದು ವಿದ್ವಾಂಸರ ಜಗಳ ಮಾತ್ರ ಆಗಿದ್ದರೆ ತರಗತಿಗೆ ಬೇಕಿರಲಿಲ್ಲ. ಆದರೆ ಗೆರೆಯನ್ನು ನಿಯಮ ಅಂತ ನಂಬಿದವರಿಗೆ ಎರಡು ಪೆಟ್ಟು ಬೀಳುತ್ತದೆ. ಮೊದಲ ವಾರವೇ ಕುಗ್ಗಿದವರು ‘ನನಗೆ ಖುಷಿಯ ಹಂತವೇ ಬರಲಿಲ್ಲ, ನನ್ನಲ್ಲೇ ಏನೋ ಕೊರತೆ’ ಅಂದುಕೊಳ್ಳುತ್ತಾರೆ. ಒಂಬತ್ತನೇ ತಿಂಗಳಲ್ಲಿ ಮನೆ ಬಾಡಿಗೆಯ ತಕರಾರಿನಿಂದಲೋ ವೀಸಾ ಗೊಂದಲದಿಂದಲೋ ನಿದ್ದೆಗೆಟ್ಟವರು ‘ಇದು ಎರಡನೇ ಹಂತ, ತಾನಾಗಿ ಹೋಗುತ್ತದೆ’ ಅಂತ ಕೈಕಟ್ಟಿ ಕೂರುತ್ತಾರೆ.

ಹೀಗೆ ಮಾಡಿ. ಪುಸ್ತಕ ಮುಚ್ಚಿಸಿ. ಅಡ್ಡಗೆರೆಯಲ್ಲಿ 12 ತಿಂಗಳು, ಲಂಬಗೆರೆಯಲ್ಲಿ ಮನಸ್ಸಿನ ಏರಿಳಿತ ಇರುವ ಖಾಲಿ ಹಾಳೆ ಕೊಡಿ. ಎಂಟು ಘಟನೆ ಚೀಟಿಗಳು: ಬಂದಿಳಿದದ್ದು, ಮೊದಲ ಪರೀಕ್ಷೆ, ಜ್ವರ, ಮೊದಲ ಸಂಬಳ, ಮನೆಯಿಂದ ಕೆಟ್ಟ ಸುದ್ದಿ, ಮೊದಲ ಗೆಳೆತನ, ಮನೆ ಬದಲಾವಣೆ, ರಜೆ. ಪ್ರತಿ ಜೋಡಿ ಒಂದು ಕಾಲ್ಪನಿಕ ಪಾತ್ರಕ್ಕೆ ಆ ಚೀಟಿಗಳನ್ನು ತಿಂಗಳಿಗೆ ಹೊಂದಿಸಿ ಗೆರೆ ಎಳೆಯಲಿ. 12 ಜೋಡಿ, 12 ಗೆರೆ. ಗೋಡೆಗೆ ಅಂಟಿಸಿದ ಮೇಲೆ ಪುಸ್ತಕದ ಗ್ರಾಫ್ ತೆಗೆಸಿ, ಹೋಲಿಸಲು ಬಿಡಿ. 35 ನಿಮಿಷ ಸಾಕು.

ಒತ್ತಕ್ಷರ:
ಆ ಗೆರೆಯ ಚಟುವಟಿಕೆಗೆ ವ್ಯಾಕರಣ ತಾನಾಗಿ ಬಂದು ಕೂರುತ್ತದೆ, ಬಿಡಬೇಡಿ. ಈ ವಿಷಯಕ್ಕೇ ಹುಟ್ಟಿದಂತಿರುವ ಮೂರು ರಚನೆಗಳು:

‘ಐ ಯೂಸ್ಡ್ ಟು ಲಿವ್ ಅಲೋನ್’: ಒಂಟಿಯಾಗಿ ಇರುತ್ತಿದ್ದೆ, ಈಗಿಲ್ಲ.
‘ಐ ಆಮ್ ಯೂಸ್ಡ್ ಟು ಲಿವಿಂಗ್ ಅಲೋನ್’: ಒಂಟಿಯಾಗಿರುವುದು ರೂಢಿಯಾಗಿದೆ.
‘ಐ ಆಮ್ ಗೆಟಿಂಗ್ ಯೂಸ್ಡ್ ಟು ಲಿವಿಂಗ್ ಅಲೋನ್’: ರೂಢಿಯಾಗುತ್ತಿದೆ.

ಕನ್ನಡದಲ್ಲಿ ‘ಇರುತ್ತಿದ್ದೆ’, ‘ರೂಢಿಯಾಗಿದೆ’, ‘ರೂಢಿಯಾಗುತ್ತಿದೆ’ ಮೂರೂ ಬೇರೆಬೇರೆ ಮುಖದವು, ಕಲಸಿಹೋಗುವ ಪ್ರಶ್ನೆಯೇ ಇಲ್ಲ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ‘ಯೂಸ್ಡ್ ಟು’. ‘ಐ ಆಮ್ ಯೂಸ್ಡ್ ಟು ಲಿವ್’ ಎಂಬ ತಪ್ಪು ಬರುವುದಕ್ಕೆ ಕಾರಣ, ‘ಟು’ ಕಂಡ ಕೂಡಲೇ ಕ್ರಿಯಾಪದದ ಮೂಲರೂಪ ಹಾಕುವ ಚಾಳಿ. ಎರಡನೆಯ, ಮೂರನೆಯ ವಾಕ್ಯದಲ್ಲಿ ಆ ‘ಟು’ ವಿಭಕ್ತಿಯ ಹಾಗೆ ಕೆಲಸ ಮಾಡುತ್ತದೆ. ‘ಚಳಿಗೆ ಒಗ್ಗಿದ್ದೇನೆ’ ಎಂಬಲ್ಲಿನ ‘ಗೆ’ ಇದ್ದಂತೆ. ಅದರ ಮುಂದೆ ನಾಮಪದವೋ ‘ಇಂಗ್’ ರೂಪವೋ ಬರಬೇಕು. ಪರೀಕ್ಷಿಸಲು ಸುಲಭ ದಾರಿ: ‘ಟು’ ಆದಮೇಲೆ ‘ದ ಕೋಲ್ಡ್’ ಹಾಕಿ ನೋಡಿ. ವಾಕ್ಯ ನಿಂತರೆ ‘ಇಂಗ್’ ಹಾಕಿ, ಬಿದ್ದರೆ ಮೂಲರೂಪ.

ಕ್ರಿಯಾಪದ:
ಎರಡನೇ ಪ್ರಶ್ನೆಗೆ: ಪಟ್ಟಿ ಎಸೆಯಿರಿ. 24 ಮಂದಿ ಏಳೆಂಟು ದೇಶಗಳಿಗೆ ಹೋಗುವಾಗ ಯಾವ ದೇಶದ ಪಟ್ಟಿ ಕೊಡುತ್ತೀರಿ? ಒಂದೇ ದೇಶ ಅಂದುಕೊಂಡರೂ ಆಸ್ಪತ್ರೆಯಲ್ಲಿ ನಡೆಯುವ ರೀತಿ ಕಾರ್ಖಾನೆಯಲ್ಲಿ ನಡೆಯುವುದಿಲ್ಲ. ಅದರ ಬದಲು ಮೂರು ಕೆಲಸ ಕಲಿಸಿ: ಗಮನಿಸುವುದು, ಕೇಳಿ ತಿಳಿಯುವುದು, ತಪ್ಪಾದಾಗ ಸರಿಪಡಿಸುವುದು. ಮೂರಕ್ಕೂ ಬೇಕಾದ್ದು ಭಾಷೆಯೇ, ಅದು ಇಂಗ್ಲಿಷ್ ಶಿಕ್ಷಕರ ಕೈಯಲ್ಲಿದೆ.

ಒಗ್ಗದ ನಡವಳಿಕೆ ಅಂತ ಜನ ಬೈಯುವುದರಲ್ಲಿ ಬಹುಪಾಲು ವಾಕ್ಯದ ಆಕಾರದ ತಪ್ಪು. ಜೆನ್ನಿ ಥಾಮಸ್ ಎಂಬ ಭಾಷಾವಿಜ್ಞಾನಿ 1983ರಲ್ಲೇ ಇದನ್ನು ಎರಡಾಗಿ ಬಿಡಿಸಿದ್ದಾರೆ. ಒಂದು, ಏನು ಹೇಳಬೇಕೆಂದು ಗೊತ್ತು, ಯಾವ ರೂಪದಲ್ಲಿ ಎಂಬುದು ಗೊತ್ತಿಲ್ಲ. ಇನ್ನೊಂದು, ಅಲ್ಲಿ ಅದನ್ನು ಕೇಳಬಹುದೇ ಬಾರದೇ ಎಂಬುದೇ ಗೊತ್ತಿಲ್ಲ. ಮೊದಲನೆಯದನ್ನು ತರಗತಿಯಲ್ಲಿ ನೇರವಾಗಿ ತಿದ್ದಿ. ಎರಡನೆಯದು ಮೌಲ್ಯದ ವಿಷಯ. ಅಲ್ಲಿ ಗೊತ್ತು ಮಾಡಿಕೊಡಿ, ತಿದ್ದಲು ಹೋಗಬೇಡಿ. ಬದಲಾಗುವುದೋ ಬೇಡವೋ ಅವರ ಆಯ್ಕೆ.

ನಮ್ಮ ಭಾಷೆಯವರಿಗೆ ಎಡವಟ್ಟಾಗುವುದು ಕೋರಿಕೆಯಲ್ಲಿ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿದೆ: ಕೊಡು, ಕೊಡಿ, ಕೊಡ್ತೀರಾ, ಕೊಡೋಕಾಗುತ್ತಾ. ‘ದಯವಿಟ್ಟು’ ಇಲ್ಲದೆಯೂ ಮಾತು ಮೃದುವಾಗಿರುತ್ತದೆ. ಇಂಗ್ಲಿಷಿನ ‘ಗಿವ್’ಗೆ ಆ ಬಾಲ ಇಲ್ಲ, ‘ಕೊಡು’ವಿಗೂ ‘ಕೊಡಿ’ಗೂ ಅದೊಂದೇ ರೂಪ. ಅದಕ್ಕೆ ‘ಪ್ಲೀಸ್’ ಅಂಟಿಸಿದರೆ ಸರಿಹೋಯಿತು ಎಂಬ ನಂಬಿಕೆ ಇದೆಯಲ್ಲ, ಅದೇ ತೊಂದರೆ. ‘ಪ್ಲೀಸ್ ಸೈನ್ ದಿಸ್ ಫಾರ್ಮ್ ಟುಡೇ’ ಎಂಬುದು ಆಜ್ಞೆಯೇ, ಸ್ವಲ್ಪ ಬಣ್ಣ ಹಚ್ಚಿದ ಆಜ್ಞೆ.

ಕೋರಿಕೆಯನ್ನು ಐದು ತುಂಡಾಗಿ ಕಲಿಸಿ, ಪ್ರತಿ ತುಂಡನ್ನೂ ಬೇರೆ ಬಣ್ಣದ ಕಾಗದದ ಪಟ್ಟಿಯಲ್ಲಿ ಬರೆಸಿ:
1. ಗಮನ ಸೆಳೆಯುವುದು: ‘ಎಕ್ಸ್‌ಕ್ಯೂಸ್ ಮಿ, ಡು ಯು ಹ್ಯಾವ್ ಅ ಮಿನಿಟ್?’
2. ಕಾರಣ: ‘ದ ಆಫೀಸ್ ನೀಡ್ಸ್ ದಿಸ್ ಫಾರ್ಮ್ ಬೈ ಫ್ರೈಡೇ.’
3. ಕೋರಿಕೆ: ‘ವುಡ್ ಯು ಬಿ ಏಬಲ್ ಟು ಸೈನ್ ಇಟ್?’
4. ತಪ್ಪಿಸಿಕೊಳ್ಳಲು ದಾರಿ: ‘ಇಫ್ ನಾಟ್ ಟುಡೇ, ಟುಮಾರೋ ಈಸ್ ಫೈನ್.’
5. ಮುಕ್ತಾಯ: ‘ಥ್ಯಾಂಕ್ ಯು, ದಟ್ಸ್ ಅ ಬಿಗ್ ಹೆಲ್ಪ್.’

ಆಮೇಲೆ ಒಂದೊಂದೇ ಪಟ್ಟಿ ತೆಗೆಯುತ್ತಾ ಹೋಗಿ. ಪೆನ್ನು ಕೇಳಲು ಮೂರನೆಯದೊಂದೇ ಸಾಕು. ಗಡುವು ಮುಂದೂಡಲು ಐದೂ ಬೇಕು. ಎಲ್ಲದಕ್ಕೂ ಐದೂ ಬಳಸುವವರು ಪೆನ್ನಿಗಾಗಿ ಅರ್ಜಿ ಬರೆದಂತೆ ಕೇಳಿಸುತ್ತಾರೆ, ಅದೂ ತಪ್ಪೇ. ಎಷ್ಟು ತುಂಡು ಬೇಕೆಂದು ಅಳೆಯುವುದಕ್ಕೆ ಮೂರು ಪ್ರಶ್ನೆ: ಕೇಳುತ್ತಿರುವುದು ಎಷ್ಟು ದೊಡ್ಡದು, ಅವರು ಎಷ್ಟು ಪರಿಚಿತರು, ಯಾರ ಕೈ ಮೇಲು.

ನಾಲ್ಕನೇ ಬೆಂಚು:
ಕ್ರಿಯಾಪದ ಅವರೇ, ಸ್ವಲ್ಪ ತಡೆಯಿರಿ. ‘ಪಟ್ಟಿ ಎಸೆಯಿರಿ’ ಅನ್ನುವುದು ಮೇಷ್ಟ್ರಿಗೆ ಸುಲಭ. ಬರುವ ತಿಂಗಳು ವಿಮಾನ ಹತ್ತುವವರಿಗೆ ಕೈಗೆ ಸಿಗುವ ಮಾಹಿತಿ ಬೇಕು. ‘ಗಮನಿಸಿ, ಕೇಳಿ’ ಅಂದರೆ ಅವರು ‘ಇದನ್ನು ಕೇಳೋಕೆ ಇಲ್ಲಿವರೆಗೂ ಬರಬೇಕಿತ್ತಾ’ ಅಂದುಕೊಳ್ಳುತ್ತಾರೆ.

ಕ್ರಿಯಾಪದ:
ಒಪ್ಪಿದೆ. ಸ್ವಲ್ಪ ಜಾಸ್ತಿಯೇ ಹೇಳಿಬಿಟ್ಟೆ. ಬರೆದಿಟ್ಟ ನಿಯಮ, ಬರೆಯದ ನಿಯಮ ಎಂದು ಎರಡಾಗಿ ಬಿಡಿಸೋಣ. ಬಾಡಿಗೆ ಕರಾರು, ಕೆಲಸದ ಒಪ್ಪಂದ, ನೋಟಿಸ್ ಅವಧಿ, ವಿಮೆ, ತುರ್ತು ಸಂಖ್ಯೆ ಇವೆಲ್ಲ ಬರೆದಿಟ್ಟವು. ಇವುಗಳ ಪಟ್ಟಿ ಕೊಡಲೇಬೇಕು, ‘ನೋಡಿ ಕಲಿಯಿರಿ’ ಅನ್ನುವುದು ಅಪಾಯ. ತುರ್ತು ಕರೆಗೆ ಐರೋಪ್ಯ ಒಕ್ಕೂಟದಾದ್ಯಂತ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ತಮ್ಮದನ್ನು ಬಾಯಿಪಾಠ ಮಾಡಿಸಿ, ಕರೆ ಮಾಡುವ ಅಭ್ಯಾಸ 10 ನಿಮಿಷ ಮಾಡಿಸಿ. ಮೊದಲು ಯಾವ ಸೇವೆ ಬೇಕು ಮತ್ತು ಎಲ್ಲಿದ್ದೇನೆ, ಆಮೇಲೆ ಏನಾಯಿತು. ಕರೆ ಕಡಿದುಹೋದರೂ ವಿಳಾಸ ಹೋಗಿ ಮುಟ್ಟಿರುತ್ತದೆ. ಗಾಬರಿಯಲ್ಲಿ ಕಥೆಯನ್ನು ಮೊದಲಿನಿಂದ ಹೇಳಲು ಶುರು ಮಾಡಿ ವಿಳಾಸವನ್ನು ಕೊನೆಗಿಟ್ಟುಕೊಳ್ಳುವುದೇ ಇಲ್ಲಿನ ಮಾಮೂಲಿ ತಪ್ಪು.

ಎಷ್ಟು ಹತ್ತಿರ ನಿಲ್ಲಬೇಕು, ‘ಮತ್ತೆ ಸಿಗೋಣ’ ಅಂದರೆ ಏನರ್ಥ, ಮೌನ ಒಪ್ಪಿಗೆಯೋ ನಿರಾಕರಣೆಯೋ ಎಂಬಂಥವಕ್ಕೆ ಮಾತ್ರ ಪಟ್ಟಿ ಬೇಡ.

ನಾಲ್ಕನೇ ಬೆಂಚು:
ಹಾಗಾದರೆ ಸರಿ. ದೂರದ ವಿಷಯ ಬಂದದ್ದಕ್ಕೆ: ಪುಸ್ತಕಗಳಲ್ಲಿ ‘45 ಸೆಂಟಿಮೀಟರಿನಿಂದ 1.2 ಮೀಟರ್ ವೈಯಕ್ತಿಕ ದೂರ’ ಅಂತ ಅಚ್ಚಾಗಿರುತ್ತದೆ. ಅದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಕೊಟ್ಟ ಅಳತೆ. ಅವರು ಗಮನಿಸಿದ್ದು ಮುಖ್ಯವಾಗಿ ಅಮೆರಿಕದ ಈಶಾನ್ಯ ಭಾಗದ ಮಧ್ಯಮವರ್ಗದವರನ್ನು. ಅದನ್ನೇ ಜಗತ್ತಿಗೆಲ್ಲ ಅನ್ವಯಿಸಿ ಟೇಪು ಹಿಡಿದು ಕಲಿಸುವವರಿದ್ದಾರೆ. ‘ಎದುರಿಗಿರುವವರು ಅರ್ಧ ಹೆಜ್ಜೆ ಹಿಂದೆ ಸರಿದರೆ ನೀವು ಮುಂದೆ ಹೋಗಬೇಡಿ’ ಎಂಬುದು ಎಲ್ಲ ಕಡೆಯೂ ನಡೆಯುತ್ತದೆ, ಸಂಖ್ಯೆ ನಡೆಯುವುದಿಲ್ಲ.

‘ಮತ್ತೆ ಸಿಗೋಣ’ಕ್ಕೂ ಒಂದು ಅಳತೆಗೋಲಿದೆ. ಅಮೆರಿಕದ ಇಂಗ್ಲಿಷಿನ ಆಹ್ವಾನಗಳನ್ನು ಅಭ್ಯಾಸ ಮಾಡಿದ ನೆಸ್ಸಾ ವುಲ್ಫ್‌ಸನ್ ಹೇಳುವಂತೆ, ನಿಜವಾದ ಆಹ್ವಾನದಲ್ಲಿ ಸಮಯ, ಸ್ಥಳ ಅಥವಾ ಕಾರ್ಯಕ್ರಮ, ಉತ್ತರ ಬಯಸುವ ಪ್ರಶ್ನೆ ಇವು ಇರುತ್ತವೆ. ‘ವಿ ಮಸ್ಟ್ ಗೆಟ್ ಟುಗೆದರ್ ಸಮ್‌ಟೈಮ್’ನಲ್ಲಿ ಮೂರೂ ಇಲ್ಲ. ಅದು ಸುಳ್ಳೂ ಅಲ್ಲ, ಬಾಗಿಲು ತೆರೆದಿಟ್ಟ ಮಾತು. ಒಳಗೆ ಹೋಗಬೇಕಾದರೆ ಕಾಣೆಯಾದ ತುಂಡನ್ನು ಕೇಳಿಸಿಕೊಂಡವರೇ ತುಂಬಬೇಕು: ‘ಐಡ್ ಲೈಕ್ ದಟ್. ಆರ್ ಯು ಫ್ರೀ ಆನ್ ಸ್ಯಾಟರ್ಡೇ?’ ಎಂಟು ವಾಕ್ಯ ಕೊಟ್ಟು ಮೂರು ಗುರುತು ಹುಡುಕಿಸಿ, ಅರೆಬರೆಯವನ್ನು ಪೂರ್ತಿ ಮಾಡಿಸಿ. 15 ನಿಮಿಷ.

ಅಲ್ಪವಿರಾಮ:
ಗಮನಿಸುವುದಕ್ಕೆ ಹಳೆಯ, ಇವತ್ತಿಗೂ ಸವೆಯದ ವಿಧಾನ: ವರ್ಣನೆ, ಊಹೆ, ತೀರ್ಪು ಎಂಬ ಮೂರು ಕಾಲಮ್. ಒಂದು ಚಿತ್ರ ತೋರಿಸಿ. ಕಚೇರಿ ಮೇಜಿನ ಸುತ್ತ ನಾಲ್ವರು, ಒಬ್ಬರು ಕೈಕಟ್ಟಿ ಕಿಟಕಿಯತ್ತ ನೋಡುತ್ತಿದ್ದಾರೆ. ‘ಏನು ಕಾಣುತ್ತಿದೆ ಬರೆಯಿರಿ’ ಅಂದರೆ ಮೊದಲ ಸಾಲೇ ‘ಹಿ ಈಸ್ ಆ್ಯಂಗ್ರಿ’ ಅಂತ ಬರುತ್ತದೆ. ಕೋಪ ಚಿತ್ರದಲ್ಲಿ ಇಲ್ಲ, ಕಟ್ಟಿದ ಕೈ ಇದೆ. ಆ ಒಂದು ಸಾಲಿನ ಮೇಲೆ ಐದು ನಿಮಿಷ ನಿಲ್ಲಿ. ಪಾಠ ಇರುವುದು ಅಲ್ಲೇ.

ಪ್ರತಿ ಕಾಲಮ್ಮಿಗೂ ಒಂದು ವ್ಯಾಕರಣ ಕಟ್ಟಿಕೊಡಿ. ವರ್ಣನೆಗೆ ‘ಹಿ ಈಸ್ ಲುಕಿಂಗ್’, ‘ದೇರ್ ಆರ್’. ಊಹೆಗೆ ‘ಹಿ ಮೈಟ್ ಬಿ’, ‘ಪರ್ಹ್ಯಾಪ್ಸ್’, ಮತ್ತು ಕಡ್ಡಾಯವಾಗಿ ಮೂರು ಊಹೆ. ಮೂರನೆಯದನ್ನು ಹುಡುಕುವಾಗಲೇ ತಲೆ ಓಡುವುದು. ಮೊದಲ ಎರಡು ಯಾವಾಗಲೂ ಸಿದ್ಧಸರಕು. ತೀರ್ಪಿಗೆ ‘ಐ ಫೈಂಡ್ ದಿಸ್ ಅನ್‌ಕಂಫರ್ಟಬಲ್ ಬಿಕಾಸ್’. ತೀರ್ಪಿನ ಕಾಲಮ್ಮಿನಲ್ಲಿ ‘ಐ’ ಇಲ್ಲದ ವಾಕ್ಯ ಬಂದರೆ ವಾಪಸ್ ಕೊಡಿ.

ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಬಾಯಿಮುಚ್ಚಿ ಕಾಯುವುದು ಕಷ್ಟ, ಆದರೆ ಮೂರು ಸೆಕೆಂಡಾದರೂ ಕಾಯಿರಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದಾರೆ.

ಬಿಳಿಹಲಗೆ:
ಇದು ತುಂಬ ಉಪಯೋಗಕ್ಕೆ ಬಂತು. ತಪ್ಪು ತಿಳಿವಳಿಕೆಯ ಒಂದು ಚಿಕ್ಕ ಪ್ರಸಂಗ, ಜೊತೆಗೆ ಅದಕ್ಕೆ ಕೆಲವು ವಿವರಣೆ ಕೊಟ್ಟು ಚರ್ಚೆ ಮಾಡಿಸಬೇಕೆಂದಿದ್ದೇನೆ. ಆದರೆ ಎಲ್ಲರೂ ಎರಡೇ ನಿಮಿಷದಲ್ಲಿ ‘ಸರಿಯುತ್ತರ ಬಿ’ ಅಂದು ಮುಗಿಸಿಬಿಟ್ಟರೆ?

ಕ್ರಿಯಾಪದ:
ಹಾಗಾದರೆ ಪ್ರಸಂಗ ಕೆಟ್ಟದಾಗಿ ಬರೆದಿದೆ ಅಂತ ಅರ್ಥ. ಒಳ್ಳೆಯ ಪ್ರಸಂಗಕ್ಕೆ 80ರಿಂದ 120 ಪದ, ಇಬ್ಬರು ಪಾತ್ರ, ಖಳನಾಯಕ ಇರಬಾರದು, ದೇಶದ ಹೆಸರು ಇರಬಾರದು. ದೇಶದ ಹೆಸರು ಬಿದ್ದ ಕೂಡಲೇ ‘ಅವರು ಹಾಗೇ’ ಅಂತ ಯೋಚನೆ ನಿಂತುಹೋಗುತ್ತದೆ. ಅಪರಿಚಿತ ಪದ ನೂರಕ್ಕೆ ಎರಡು ಮೂರಕ್ಕಿಂತ ಹೆಚ್ಚಾದರೆ ಚರ್ಚೆ ಅರ್ಥಕೋಶದ ಕಡೆ ಹೊರಳುತ್ತದೆ.

ಮಾದರಿಗೆ: ಹೊಸದಾಗಿ ಸೇರಿದವರು ವರದಿ ಕಳಿಸುತ್ತಾರೆ. ಮೇಲಧಿಕಾರಿಯ ಉತ್ತರ ಒಂದೇ ಸಾಲು: ‘ಥ್ಯಾಂಕ್ಸ್. ಯು ಮೈಟ್ ವಾಂಟ್ ಟು ಟೇಕ್ ಅನದರ್ ಲುಕ್ ಅಟ್ ಪೇಜ್ ಟು.’ ಅವರು ಎರಡನೇ ಪುಟ ಮತ್ತೊಮ್ಮೆ ಓದುತ್ತಾರೆ, ತಪ್ಪೇನೂ ಕಾಣುವುದಿಲ್ಲ, ಸುಮ್ಮನಾಗುತ್ತಾರೆ. ಮರುದಿನ: ‘ಡಿಡಂಟ್ ಯು ಚೇಂಜ್ ಇಟ್?’

ನಾಲ್ಕು ವಿವರಣೆ ಕೊಡಿ. ಅ) ‘ಮೈಟ್ ವಾಂಟ್ ಟು’ ಇಲ್ಲಿ ಸಲಹೆಯ ಉಡುಪಿನಲ್ಲಿರುವ ಸೂಚನೆ. ಆ) ಅಧಿಕಾರಿಗೆ ನೇರವಾಗಿ ತಪ್ಪು ತೋರಿಸುವುದು ಮುಜುಗರ. ಇ) ನೌಕರರಿಗೆ ‘ಮತ್ತೆ ಪ್ರಶ್ನೆ ಕೇಳಿದರೆ ಗೊತ್ತಿಲ್ಲದವರು ಅಂದುಕೊಳ್ಳುತ್ತಾರೆ’ ಎಂಬ ಅಳುಕು. ಈ) ಅಧಿಕಾರಿ ಅವಸರದಲ್ಲಿದ್ದರು, ಅಷ್ಟೇ. ನಾಲ್ಕೂ ನಿಲ್ಲುವಂಥವು. ‘ಸರಿಯಾದದ್ದು ಯಾವುದು’ ಅನ್ನದೆ ‘ಯಾವುದನ್ನು ಹೇಗೆ ಪರೀಕ್ಷಿಸುತ್ತೀರಿ’ ಅಂತ ಕೇಳಿ. ಆಗ ಒಂದೊಂದು ಗುಂಪೂ ಒಂದು ಪ್ರಶ್ನೆ ತಯಾರಿಸಬೇಕಾಗುತ್ತದೆ: ‘ಕ್ಯಾನ್ ಐ ಜಸ್ಟ್ ಚೆಕ್, ಡು ಯು ಮೀನ್ ದ ಫಿಗರ್ಸ್ ಆರ್ ದ ವರ್ಡಿಂಗ್?’ ‘ವಾಟ್ ಡು ಯು ಮೀನ್?’ ಎಂಬ ಬರಿಯ ಪ್ರಶ್ನೆ ಜಗಳಕ್ಕೆ ಕರೆದಂತೆ ಕೇಳಿಸಬಹುದು. ಎರಡು ಆಯ್ಕೆ ಮುಂದಿಟ್ಟು ಕೇಳಿದರೆ ಎದುರಿನವರಿಗೂ ಉತ್ತರಿಸುವುದು ಸಲೀಸು.

ಒತ್ತಕ್ಷರ:
ಅನುಭವವಾಗಿಯೇ ಮುಟ್ಟಿಸಬೇಕೆಂದರೆ ಬಾರ್ಂಗಾ ಎಂಬ ಇಸ್ಪೀಟೆಲೆಯ ಆಟ. ಶಿವಶೈಲಂ ತ್ಯಾಗರಾಜನ್ 1980ರಲ್ಲಿ ರೂಪಿಸಿದ್ದು. 24 ಮಂದಿಗೆ ಹೇಳಿಮಾಡಿಸಿದ ಹಾಗಿದೆ: ಆರು ಮೇಜು, ಮೇಜಿಗೆ ನಾಲ್ವರು. ಪ್ರತಿ ಮೇಜಿಗೆ ಒಂದು ಇಸ್ಪೀಟು ಕಟ್ಟು, ಎಕ್ಕದಿಂದ ಏಳರವರೆಗಿನ ಎಲೆಗಳು ಮಾತ್ರ. ಅಂದರೆ 28 ಎಲೆ, ತಲೆಗೆ ಏಳು. ಎಲ್ಲರಿಗೂ ಒಂದೇ ನಿಯಮ ಇದ್ದಂತೆ ಕಾಣುತ್ತದೆ, ಆದರೆ ಒಂದು ಮೇಜಿನಲ್ಲಿ ಎಕ್ಕ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು. ಒಂದರಲ್ಲಿ ಸ್ಪೇಡ್ ತುರುಪು, ಇನ್ನೊಂದರಲ್ಲಿ ಡೈಮಂಡ್, ಮತ್ತೊಂದರಲ್ಲಿ ತುರುಪೇ ಇಲ್ಲ. ಐದು ನಿಮಿಷ ಓದು, ಐದು ನಿಮಿಷ ಅಭ್ಯಾಸ. ನಿಯಮದ ಹಾಳೆ ವಾಪಸ್ ತೆಗೆದುಕೊಳ್ಳಿ. ಇನ್ನು ಮಾತು, ಬರಹ ಎರಡೂ ನಿಷಿದ್ಧ, ಸನ್ನೆ ಮಾತ್ರ. ಐದೈದು ನಿಮಿಷದ ಮೂರು ಸುತ್ತು. ಪ್ರತಿ ಸುತ್ತಿಗೆ ಗೆದ್ದವರು ಒಂದು ಮೇಜು ಮೇಲಕ್ಕೆ, ಸೋತವರು ಒಂದು ಮೇಜು ಕೆಳಕ್ಕೆ.

ಕೆಡುವುದು ಹೀಗೆ. ನಿಯಮದ ಹಾಳೆ ಒಂದು ಮೇಜಿನಲ್ಲಿ ಉಳಿದುಬಿಟ್ಟರೆ ಗುಟ್ಟು ರಟ್ಟು. ‘ನಿಯಮ ಬೇರೆಬೇರೆ’ ಅಂತ ಶಿಕ್ಷಕರು ಸುಳಿವು ಕೊಟ್ಟರೆ ಅದು ಒಗಟಾಗುತ್ತದೆ, ಅನುಭವ ಆಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆಟವೇ ಗಂಟೆ ತಿಂದು ಕೊನೆಯ ಚರ್ಚೆಗೆ ಹತ್ತು ನಿಮಿಷ ಉಳಿಯುತ್ತದೆ. 30 ನಿಮಿಷ ಕಾದಿಡಿ. ಕೇಳಬೇಕಾದ್ದು: ಏನೋ ಸರಿಯಿಲ್ಲ ಅಂತ ಯಾವಾಗ ಅನಿಸಿತು? ಆಗ ಯಾರ ಮೇಲೆ ಅನುಮಾನ ಬಂತು? ‘ಮೋಸ ಮಾಡುತ್ತಿದ್ದಾರೆ’, ‘ಆಟ ಬರುವುದಿಲ್ಲ’, ‘ನಾನೇ ತಪ್ಪು ಓದಿದೆ’ ಎಂಬ ಮೂರು ಉತ್ತರ ಬರುತ್ತವೆ. ಮೂರನ್ನೂ ಹಲಗೆ ಮೇಲೆ ಬರೆದು, ಹೊಸ ಊರಿನಲ್ಲಿ ಇವು ಎಲ್ಲೆಲ್ಲಿ ಬರಬಹುದು ಎಂದು ಜೋಡಿಸಲು ಬಿಡಿ. ಇಸ್ಪೀಟು ಮುಟ್ಟದವರು ಇದ್ದರೆ ನಾಲ್ಕು ಬಣ್ಣದಲ್ಲಿ 1ರಿಂದ 7ರವರೆಗೆ ಬರೆದ ರಟ್ಟಿನ ಚೀಟಿ ಮಾಡಿಕೊಳ್ಳಿ. ಆಟಕ್ಕೆ ಏನೂ ಕೊರತೆಯಾಗುವುದಿಲ್ಲ.

ನಾಲ್ಕನೇ ಬೆಂಚು:
ಒಂದು ಎಚ್ಚರಿಕೆ. ‘ನಿಮ್ಮ ಮನೆ, ನಿಮ್ಮ ಊರಿನ ಬಗ್ಗೆ ಹೇಳಿ’ ಎಂದು ಕಡ್ಡಾಯ ಮಾಡಬೇಡಿ. ಇಷ್ಟಪಟ್ಟು ಹೋಗುವವರ ನಡುವೆ ಬೇರೆ ದಾರಿಯಿಲ್ಲದೆ ಹೊರಟವರೂ ಇರುತ್ತಾರೆ. ಎಲ್ಲ ಚಟುವಟಿಕೆಯೂ ಕಾಲ್ಪನಿಕ ಪಾತ್ರದ ಮೇಲಿರಲಿ, ತಮ್ಮದನ್ನು ಹೇಳುವುದು ಅವರಿಗೆ ಬಿಟ್ಟದ್ದು. ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಓಡಾಟ ಬಿಟ್ಟಿದ್ದರೆ ಅದು ತರಗತಿಯ ಚರ್ಚೆಯ ವಿಷಯವಲ್ಲ, ವೈದ್ಯರ ಅಥವಾ ಆಪ್ತಸಮಾಲೋಚಕರ ಹತ್ತಿರ ಕಳಿಸಬೇಕು. ಆ ಭೇಟಿಯ ಸಮಯ ಗೊತ್ತುಮಾಡಿಕೊಳ್ಳುವ ಇಂಗ್ಲಿಷನ್ನು ಮಾತ್ರ ಎಲ್ಲರಿಗೂ ಕಲಿಸಿ.

ಇನ್ನು ‘ಹೊಂದಿಕೊಳ್ಳುವುದು’ ಅಂದರೆ ಅವರಂತೆ ಆಗಿಬಿಡುವುದು ಎಂಬ ಅರ್ಥ ನುಸುಳದಂತೆ ನೋಡಿಕೊಳ್ಳಿ. ಮನೋವಿಜ್ಞಾನಿ ಜಾನ್ ಬೆರ್ರಿಯ ಎರಡು ಪ್ರಶ್ನೆ ಇಲ್ಲಿ ಸಾಕು: ನನ್ನದನ್ನು ಉಳಿಸಿಕೊಳ್ಳಬೇಕೇ? ಅವರೊಡನೆ ಬೆರೆಯಬೇಕೇ? ಎರಡಕ್ಕೂ ಹೌದು ಎನ್ನುವುದೂ ಒಂದು ದಾರಿ. ಮನೆಯಲ್ಲಿ ಒಂದು ಉತ್ತರ, ಕೆಲಸದಲ್ಲಿ ಇನ್ನೊಂದು ಇರಬಹುದು.

ಬಿಳಿಹಲಗೆ:
ಅಂಕದ ಪ್ರಶ್ನೆ ಹಾಗೇ ಉಳಿಯಿತು.

ಅಲ್ಪವಿರಾಮ:
ಮನೋಭಾವಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ‘ಐ ರೆಸ್ಪೆಕ್ಟ್ ಆಲ್ ಕಲ್ಚರ್ಸ್’ ಎಂಬ ಸಾಲು 24 ಹಾಳೆಯಲ್ಲೂ ಬರುತ್ತದೆ. ಹೊಸದೊಂದು ಪ್ರಸಂಗ ಕೊಟ್ಟು 12 ಅಂಕ ಇಡಿ: ತೀರ್ಪಿಲ್ಲದ ವರ್ಣನೆಗೆ 3, ಬೇರೆಬೇರೆ ಮೂರು ಊಹೆಗೆ 3, ಸಂದರ್ಭಕ್ಕೆ ತಕ್ಕ ಸ್ಪಷ್ಟೀಕರಣದ ಪ್ರಶ್ನೆಗೆ 4, ಭಾಷೆಯ ಶುದ್ಧಿಗೆ 2. ಪ್ರಶ್ನೆಗೆ ನಾಲ್ಕು ಏಕೆಂದರೆ ಹೊರದೇಶದಲ್ಲಿ ದಿನಾ ಬೇಕಾಗುವುದು ಅದೇ.

ಬಿಳಿಹಲಗೆ:
ಹಾಗಾದರೆ ಈ ಕ್ರಮ: 1. ಗೆರೆ ಮತ್ತು ‘ಯೂಸ್ಡ್ ಟು’. 2. ಮೂರು ಕಾಲಮ್. 3. ಕೋರಿಕೆ, ಆಹ್ವಾನ. 4. ಬಾರ್ಂಗಾ. 5. ಪ್ರಸಂಗ. 6. ಕರಾರು ಓದುವುದು, ತುರ್ತು ಕರೆ, ಕೊನೆಗೆ 30 ನಿಮಿಷದ ಪರೀಕ್ಷೆ.

ಕ್ರಿಯಾಪದ:
ಬಾರ್ಂಗಾವನ್ನು ಎರಡನೆಯದಕ್ಕೆ ತನ್ನಿ, ಮೂರು ಕಾಲಮ್ ಅದರ ಬೆನ್ನಿಗೆ ಬರಲಿ. ‘ಮೋಸ ಮಾಡುತ್ತಿದ್ದಾರೆ’ ಅಂತ ಹಿಂದಿನ ತರಗತಿಯಲ್ಲಿ ತಾವೇ ಅಂದಿದ್ದು ನೆನಪಿರುವಾಗ ವರ್ಣನೆ ಯಾವುದು, ಊಹೆ ಯಾವುದು ಎಂದು ಬಿಡಿಸಿ ಹೇಳಬೇಕಾಗಿಯೇ ಬರುವುದಿಲ್ಲ. ಇನ್ನೊಂದು, ಬಾರ್ಂಗಾದ ದಿನ ಒಬ್ಬಿಬ್ಬರು ಬರದಿದ್ದರೆ ಮೂವರ ಮೇಜು ಆಗುತ್ತದೆ. ಆಗ ಏಳೇಳು ಎಲೆ ಹಂಚಿ, ಉಳಿದ ಏಳನ್ನು ಪಕ್ಕಕ್ಕಿಡಿ.